ಕುದುರೆ ಜೀನು ಕಲ್ಲಿನಂಗಿದೆಯಾ? ಮೇಲೆ ದಿಂಬು ಕಟ್ಟೋಕೆ ಮುಂಚೆ ಇಷ್ಟು ನೋಡ್ಕೊಳ್ಳಿ

ಕುದುರೆ ಸವಾರಿ ಶುರು ಮಾಡಿದ ಹೊಸದ್ರಲ್ಲಿ ಎಲ್ಲರ ಕಥೆನೂ ಒಂದೇ, ಇಳಿದ ಮೇಲೆ ಎರಡು ದಿನ ನಡೆಯೋ ಗತ್ತೇ ಬದಲಾಗಿರುತ್ತೆ, ಕುರ್ಚಿ ಕಂಡ್ರೂ ನಿಂತೇ ಇರೋಣ ಅನ್ಸುತ್ತೆ. ನನಗೆ ಸಿಕ್ಕಿದ್ದು ಹಳೇ ಇಂಗ್ಲಿಷ್ ಸ್ಯಾಡಲ್ಲು, ಅಂದ್ರೆ ಇಂಗ್ಲಿಷ್ ಶೈಲಿಯ ಜೀನು, ಸೀಟಿನ ಚರ್ಮ ಸವೆದು ಸವೆದು ಹೊಳೀತಿತ್ತು, ಬೆರಳಲ್ಲಿ ಕುಟ್ಟಿದ್ರೆ ಬಾಗಿಲು ತಟ್ಟಿದಂಗೆ ಟಕ್ ಟಕ್ ಸದ್ದು. ನಾನು ಮಾಡಿದ ಮೊದಲನೇ ಕೆಲಸ ಅಂದ್ರೆ ಸಿಕ್ಕಿದ್ರಲ್ಲೇ ದಪ್ಪನೆಯ ಜೆಲ್ ಕವರ್ ತಂದು ಮೇಲೆ ಹಾಕಿದ್ದು. ಕುದುರೆ ಸುಮ್ನೆ ನಿಂತಿದ್ದಾಗ ಆಹಾ ಸೋಫಾ ಅನ್ನಿಸ್ತು, ಟ್ರಾಟ್ ಅನ್ನೋ ಕುಲುಕೋ ಓಟ ಶುರುವಾಗಿದ್ದೇ ತಡ ಕವರ್ ಒಂದು ದಿಕ್ಕು ನಾನೊಂದು ದಿಕ್ಕು, ಅದಕ್ಕಿಂತ ಜೋರಿನ ಕ್ಯಾಂಟರ್ ಓಟಕ್ಕೆ ಬಂದಾಗ ಕವರ್ ಎಡಕ್ಕೆ ಜಾರ್ತು, ಅದರ ಹಿಂದೆನೇ ನಾನೂ ಜಾರಿದೆ. ಮರಳು ಹಾಕಿರೋ ಜಾಗ ಆಗಿದ್ರಿಂದ ಮಾನ ಬಿಟ್ಟು ಬೇರೇನೂ ಹೋಗಲಿಲ್ಲ.

ಅದೇ ಸ್ಯಾಡಲ್ ಮೇಲೆ ಈಗ ಮೂರು ಗಂಟೆ ಕೂರ್ತೀನಿ. ಸೀಟು ಈಗ್ಲೂ ಗಟ್ಟಿನೇ ಇದೆ, ಒಂದು ತೆಳ್ಳನೆ ಉಣ್ಣೆ ಕವರ್ ಬಿಟ್ರೆ ಅದರ ಮೇಲೆ ಏನೂ ಇಲ್ಲ. ಬದಲಾಗಿದ್ದು ಬೇರೆ ವಿಷಯಗಳು. ಅದಕ್ಕೇ ಹೇಳ್ತಿರೋದು, ಜೀನು ಗಟ್ಟಿ ಅಂತ ನಾವು ಬೈಯೋದು ಸುಮಾರು ಸಲ ಗಟ್ಟಿತನದ ತಪ್ಪಾಗಿರೋದೇ ಇಲ್ಲ. ಚಪ್ಪಲಿ ಕಚ್ಚಿದ್ರೆ ಹತ್ತಿ ತುರುಕ್ತೀವಾ ಅಥವಾ ಅಳತೆ ಸರಿ ಇದೆಯಾ ಅಂತ ನೋಡ್ತೀವಾ, ಹಂಗೇ ಇದೂನು.

ಹಂಗಾಗಿ ಮೊದಲು ನೋವು ಎಲ್ಲಿ ಬರ್ತಿದೆ ಅಂತ ಸರಿಯಾಗಿ ಗುರುತು ಹಾಕ್ಕೊಳ್ಳಿ. ಅರ್ಧ ಗಂಟೆ ಸವಾರಿ ಮಾಡಿ ಇಳಿದ ತಕ್ಷಣ, ಮನೆಗೆ ಹೋದ್ಮೇಲೆ ಅಲ್ಲ. ಕೂರೋ ಮೂಳೆ ಅಂತ ಎರಡಿವೆಯಲ್ಲ, ಗಟ್ಟಿ ಬೆಂಚಿನ ಮೇಲೆ ಕೂತು ಕೈ ಕೆಳಗಿಟ್ರೆ ಎರಡು ಗುಬುಟು ಸಿಗ್ತಾವೆ, ಅವು ಎರಡೂ ಕಡೆ ಸಮವಾಗಿ ನೋಯ್ತಿದ್ರೆ ಅದು ನಿಜವಾಗ್ಲೂ ಸೀಟಿನ ಗಟ್ಟಿತನ, ಇಲ್ಲಾಂದ್ರೆ ನೀವಿನ್ನೂ ಹೊಸಬರು ಅಷ್ಟೇ, ಕೆಲವು ವಾರ ಬಿಡದೆ ಸವಾರಿ ಮಾಡಿದ್ರೆ ಮೈ ಒಗ್ಗುತ್ತೆ. ಒಂದೇ ಕಡೆ ನೋವಿದ್ರೆ ಸೀಟನ್ನ ಬೈಬೇಡಿ, ರಿಕಾಪಿನ (ಪಾದ ಇಡೋ ಬಳೆಯ) ಪಟ್ಟಿ ಒಂದು ಉದ್ದ ಒಂದು ಗಿಡ್ಡ ಇರ್ಬೇಕು, ಅಥವಾ ಜೀನೇ ವಾಲಿದೆ, ಅಥವಾ ನೀವೇ ಸೊಟ್ಟ ಕೂರ್ತಿದೀರ. ಮುಂಭಾಗದಲ್ಲಿ, ಅಂದ್ರೆ ಹೇಳಿಕೊಳ್ಳೋಕೆ ಮುಜುಗರ ಆಗೋ ಜಾಗದಲ್ಲಿ ಒತ್ತುತಿದ್ರೆ ಜೀನು ಮುಂದಕ್ಕೆ ಇಳಿಜಾರಾಗಿರುತ್ತೆ ಅಥವಾ ರಿಕಾಪು ತುಂಬಾ ಕೆಳಗಿರುತ್ತೆ. ಬೆನ್ನಿನ ಬಾಲದ ಮೂಳೆ ಜೀನಿನ ಹಿಂದಿನ ದಿಬ್ಬಕ್ಕೆ ತಗುಲ್ತಿದ್ರೆ ಸೀಟು ನಿಮಗೆ ಚಿಕ್ಕದು, ಇಲ್ಲ ಜೀನು ಹಿಂದಕ್ಕೆ ವಾಲಿದೆ. ತೊಡೆ ಸಂದು ಎಳೆದು ಹರಿದಂಗೆ ಆಗ್ತಿದ್ರೆ ಸೀಟಿನ ಸೊಂಟ, ಅಂದ್ರೆ ತೊಡೆಗಳ ನಡುವೆ ಬರೋ ಕಿರಿದಾದ ಭಾಗ, ನಿಮಗೆ ಅಗಲ ಜಾಸ್ತಿ, ಇದನ್ನೇ ಸವಾರರು ಟ್ವಿಸ್ಟ್ ಅನ್ನೋದು, ಇದಕ್ಕೆ ಮೇಲೆ ದಪ್ಪ ಕವರ್ ಹಾಕಿದ್ರೆ ಇನ್ನೂ ಅಗಲ ಆಗಿ ಗಾಯದ ಮೇಲೆ ಬರೆ ಎಳೆದಂಗೆ.

ಈಗ ಜೀನು ಸಮ ಇದೆಯಾ ನೋಡೋದು ಹೆಂಗೆ ಅಂತ ಹೇಳ್ತೀನಿ, ಒಂದು ರೌಂಡ್ ಪೆನ್ಸಿಲ್ ಸಾಕು. ಮೂಲೆ ಇರೋ ಪೆನ್ಸಿಲ್ ಬೇಡ, ಅದು ಉರುಳಲ್ಲ. ಕುದುರೆನ ಸಮತಟ್ಟು ನೆಲದ ಮೇಲೆ ನಾಲ್ಕೂ ಕಾಲು ನೇರ ಇರೋ ಥರ ನಿಲ್ಲಿಸಿ, ಕೆಳಗಿನ ಪ್ಯಾಡ್ ಏನೂ ಇಲ್ಲದೆ ಬರೀ ಸ್ಯಾಡಲ್ ಇಟ್ಟು ಹೊಟ್ಟೆಪಟ್ಟಿ ಹಗುರಾಗಿ ಬಿಗಿದು ಪೆನ್ಸಿಲನ್ನ ಸೀಟಿನ ಮೇಲೆ ಅಡ್ಡಲಾಗಿ ಇಡಿ. ಅದು ಉರುಳಿ ಎಲ್ಲಿ ನಿಲ್ಲುತ್ತೋ ಅದೇ ಸೀಟಿನ ತಗ್ಗು, ನೀವು ಕೂತಾಗ್ಲೂ ಅಲ್ಲಿಗೇ ಜಾರ್ತೀರ. ಪೆನ್ಸಿಲ್ ನಡು ಸೀಟಲ್ಲಿ ನಿಂತ್ರೆ ಸರಿ. ಮುಂದಕ್ಕೆ ಓಡಿ ಪಾಮೆಲ್, ಅಂದ್ರೆ ಜೀನಿನ ಮುಂದಿನ ದಿಬ್ಬದ ಹತ್ರ ನಿಂತ್ರೆ ನಿಮ್ಮ ನೋವಿನ ಕಾರಣ ಅಲ್ಲೇ ಸಿಕ್ತು. ನನ್ನದ್ರಲ್ಲಿ ಉಲ್ಟಾ, ಹಿಂದಕ್ಕೆ ಬಂದು ಕ್ಯಾಂಟಲ್, ಅಂದ್ರೆ ಹಿಂದಿನ ದಿಬ್ಬದ ಬುಡದಲ್ಲಿ ನಿಂತ್ಕೊಂಡ್ತು. ಜೀನಿನ ಕೆಳಗಡೆ ಕುದುರೆ ಬೆನ್ನಿಗೆ ತಾಗೋ ಎರಡು ಮೆತ್ತೆ ಇರ್ತಾವಲ್ಲ, ಅದರೊಳಗಿನ ಉಣ್ಣೆ ವರ್ಷಗಟ್ಲೆ ಒತ್ತಡಕ್ಕೆ ಹಿಂದುಗಡೆ ಗಂಟು ಕಟ್ಟಿ ಚಪ್ಪಟೆಯಾಗಿಹೋಗಿತ್ತು. ಸ್ಯಾಡಲ್ ರಿಪೇರಿ ಮಾಡೋರು ಹಳೇ ಉಣ್ಣೆ ತೆಗೆದು ಹೊಸದು ತುಂಬಿ ಕೊಟ್ರು, ಸೀಟಿಗೆ ಕೈನೇ ಹಚ್ಚಲಿಲ್ಲ, ಆದ್ರೂ ವಾಪಸ್ ಬಂದ ದಿನ ಕೂತಾಗ ಸೀಟೇ ಬದಲಾಯಿಸಿದಾರೇನೋ ಅನ್ನಿಸ್ತು. ಉಣ್ಣೆ ತುಂಬೋದನ್ನ ಮಾತ್ರ ನೀವೇ ಮಾಡೋಕೆ ಹೋಗ್ಬೇಡಿ, ಎಡ ಬಲ ಒಂದು ಚೂರು ಹೆಚ್ಚುಕಮ್ಮಿ ಆದ್ರೂ ಕುದುರೆ ಬೆನ್ನು ಕೆಡುತ್ತೆ.

ರಿಪೇರಿಗೆ ಕೊಡೋಕೆ ಮುಂಚೆ ಒಳಗಿನ ಚೌಕಟ್ಟು ಗಟ್ಟಿ ಇದೆಯಾ ನೋಡಿ, ಅದನ್ನ ಟ್ರೀ ಅಂತಾರೆ, ಹಳೇ ಇಂಗ್ಲಿಷ್ ಸ್ಯಾಡಲ್‌ಗಳಲ್ಲಿ ಪದರ ಪದರ ಅಂಟಿಸಿದ ಮರ, ಅದಕ್ಕೆ ಉಕ್ಕಿನ ಪಟ್ಟಿ. ಪಾಮೆಲ್ಲನ್ನ ಹೊಟ್ಟೆಗೆ ಒತ್ತಿ ಹಿಡಿದು ಹಿಂದಿನ ದಿಬ್ಬನ ನಿಮ್ಮ ಕಡೆ ಎಳೀರಿ. ಸ್ವಲ್ಪ ಬಳುಕಿ ಬಿಟ್ಟ ತಕ್ಷಣ ವಾಪಸ್ ಹೋದ್ರೆ ಪರವಾಗಿಲ್ಲ, ಸ್ಪ್ರಿಂಗ್ ಟ್ರೀ ಇರೋದೇ ಹಂಗೆ. ಕಿರ್ ಅಂತ ಸದ್ದು ಬಂದ್ರೆ ಅಥವಾ ನಡುವೆ ಮಡಚಿದಂಗಾಗಿ ಸೀಟಿನ ಚರ್ಮ ಸುಕ್ಕು ಸುಕ್ಕಾದ್ರೆ ಚೌಕಟ್ಟು ಮುರಿದಿರೋ ಚಾನ್ಸ್ ಇದೆ, ಅಂಥಾ ಜೀನಿಗೆ ಕವರ್ ಹಾಕೋದಲ್ಲ, ಕುದುರೆ ಮೇಲೆ ಹಾಕೋದನ್ನೇ ನಿಲ್ಲಿಸ್ಬೇಕು.

ಸೀಟಿನ ಅಳತೆ. ಇಂಗ್ಲಿಷ್ ಸ್ಯಾಡಲ್ ಆದ್ರೆ ಪಾಮೆಲ್ ಪಕ್ಕ ಇರೋ ಬಟನ್ನಿನಿಂದ ಕ್ಯಾಂಟಲ್ಲಿನ ನಡುವಿಗೆ ಟೇಪ್ ಹಿಡೀರಿ, ದೊಡ್ಡವರಿಗೆ ಸಾಮಾನ್ಯವಾಗಿ 16 ರಿಂದ 18 ಇಂಚಿನ ಒಳಗೆ ಬರುತ್ತೆ. ನಂಬರ್‌ಗಿಂತ ಕೂತು ನೋಡೋದು ಒಳ್ಳೇದು, ತಗ್ಗಿನಲ್ಲಿ ಸರಿಯಾಗಿ ಕೂತಾಗ ನಿಮ್ಮ ಹಿಂಭಾಗಕ್ಕೂ ಜೀನಿನ ಹಿಂದಿನ ಅಂಚಿಗೂ ನಡುವೆ ನಾಲ್ಕು ಬೆರಳು ಇಡೋಷ್ಟು ಜಾಗ ಇರ್ಬೇಕು. ಅಮೆರಿಕದ ಕೌಬಾಯ್‌ಗಳು ಬಳಸೋ ವೆಸ್ಟರ್ನ್ ಸ್ಯಾಡಲ್ಲಿನ ಅಳತೆನೇ ಬೇರೆ, ಅಲ್ಲಿನ 16 ಇಲ್ಲಿನ 16 ಅಲ್ಲ, ಎರಡನ್ನೂ ಒಂದೇ ಅಂದ್ಕೊಂಡು ತಗೊಂಡ್ರೆ ಕೆಟ್ಟಿರಿ. ಇನ್ನೊಂದು ವಿಷಯ ಯಾರೂ ಹೇಳಲ್ಲ, ಕವರ್ ಹಾಕಿದ ತಕ್ಷಣ ಸೀಟಿನ ಅಳತೆ ಕಮ್ಮಿಯಾಗುತ್ತೆ, ಯಾಕಂದ್ರೆ ಅದು ಮುಂದೆ ಹಿಂದೆ ಎರಡೂ ಕಡೆ ಏರಿನ ಮೇಲೂ ಕೂರುತ್ತಲ್ಲ. ಈಗಾಗ್ಲೇ ಬಿಗಿ ಇರೋ ಸೀಟಿಗೆ ಕವರ್ ಅಂದ್ರೆ ಬಿಗಿ ಪ್ಯಾಂಟ್ ಒಳಗೆ ಇನ್ನೊಂದು ಪ್ಯಾಂಟ್.

ರಿಕಾಪಿನ ಉದ್ದಕ್ಕೆ ಕಾಸು ಖರ್ಚಿಲ್ಲ, ಅದಕ್ಕೇ ಏನೋ ಯಾರೂ ಮುಟ್ಟೋದೇ ಇಲ್ಲ. ಉದ್ದ ಜಾಸ್ತಿ ಇದ್ರೆ ಕಾಲ್ಬೆರಳಲ್ಲಿ ತಡಕಾಡ್ತಾ ಇರ್ತೀರ, ಮೈಭಾರ ಪೂರ್ತಿ ಕವಟೆ ಮೇಲೆ ಬೀಳುತ್ತೆ. ಪಾದ ಹೊರಗೆ ತೆಗೆದು ಕಾಲು ಸಡಿಲ ಬಿಟ್ಟಾಗ ರಿಕಾಪಿನ ತಳ ನಿಮ್ಮ ಕಾಲಿನ ಗಿಣ್ಣಿನ ಮಟ್ಟಕ್ಕೆ ಬರ್ಬೇಕು, ದೂರದ ಸವಾರಿಗೆ ಅಲ್ಲಿಂದ ಶುರು ಮಾಡಿ ಒಂದೊಂದೇ ತೂತು ಮೇಲೆ ಕೆಳಗೆ ಮಾಡಿ ನೋಡಿ. ನನಗೆ ಎರಡು ತೂತು ಮೇಲೆ ಹಾಕಿದ್ಮೇಲೆ ಮುಂಭಾಗದ ನೋವು ಅವತ್ತೇ ಹೋಯ್ತು. ತುಂಬಾ ಗಿಡ್ಡ ಮಾಡಿದ್ರೆ ಮಂಡಿ ಹಿಡ್ಕೊಳುತ್ತೆ, ಅದೂ ಗೊತ್ತಿರ್ಲಿ. ಬಕಲ್ಲು ತೊಡೆ ಕೆಳಗೆ ಒತ್ತುತಿದ್ರೆ ಪಟ್ಟಿ ಎಳೆದು ಬಕಲ್ಲನ್ನ ಮೇಲೆ, ಪಟ್ಟಿ ಸಿಕ್ಕಿಸಿರೋ ಕಂಬಿ ಹತ್ರ ತಗೊಂಡೋಗಿ, ಮೇಲೆ ಮುಚ್ಚೋ ಚರ್ಮದ ಕಿವಿ ಸರಿಯಾಗಿ ಕೂರಿಸಿ. ವೆಸ್ಟರ್ನ್ ಸ್ಯಾಡಲ್ಲಲ್ಲಿ ರಿಕಾಪು ಕುದುರೆ ಕಡೆ ತಿರುಗಿಕೊಂಡು ಮಂಡಿ ತಿರುಚುತ್ತೆ, ಅದಕ್ಕೆ ಪಟ್ಟಿಗೆ ನೀರು ಹಚ್ಚಿ ಹೊರಗಡೆ ತಿರುಗಿಸಿ ಎರಡೂ ರಿಕಾಪಿನ ಒಳಗಿಂದ ಒಂದು ಉದ್ದ ಕೋಲು ತೂರಿಸಿ ಸ್ಟ್ಯಾಂಡ್ ಮೇಲೆ ರಾತ್ರಿಯಿಡೀ ಬಿಡ್ತಾರೆ, ಕೆಲವು ಸಲ ಮಾಡಿದ್ರೆ ಚರ್ಮ ಆ ಆಕಾರಕ್ಕೆ ಬರುತ್ತೆ.

ಇಷ್ಟೆಲ್ಲಾ ಸರಿ ಇದ್ರೂ ಸೀಟು ಗಟ್ಟಿ ಅನ್ನಿಸ್ತಿದ್ರೆ ಆಗ ಚರ್ಮದ ಕಡೆ ಬನ್ನಿ. ಹೊಸ ಚರ್ಮ ಬಿರುಸಾಗೇ ಇರುತ್ತೆ, ಹಳೇದು ಒಣಗಿ ಬಿರುಸಾಗಿರುತ್ತೆ. ಒದ್ದೆ ಸ್ಪಂಜಲ್ಲಿ ಸ್ಯಾಡಲ್ ಸೋಪ್ ಹಾಕಿ ಕೊಳೆ ತೆಗೀರಿ, ನೀರು ಸುರೀಬೇಡಿ, ನೆರಳಲ್ಲಿ ಒಣಗಿಸಿ, ಇನ್ನೂ ಸ್ವಲ್ಪ ತೇವ ಇರೋವಾಗ್ಲೇ ಕಂಡಿಷನರ್ ಅಥವಾ ನೀಟ್ಸ್‌ಫುಟ್ ಎಣ್ಣೆ, ಅದು ದನದ ಕಾಲಿನ ಮೂಳೆಯಿಂದ ತೆಗೆಯೋ ಎಣ್ಣೆ, ಬಟ್ಟೇಲಿ ತೆಳ್ಳಗೆ ಸವರಿ ಒಂದು ದಿನ ಬಿಡಿ, ಬೇಕಿದ್ರೆ ಇನ್ನೊಂದು ಕೋಟು. ಕಾಣದ ಜಾಗದಲ್ಲಿ ಮೊದಲು ಹಚ್ಚಿ ನೋಡಿ, ಬಣ್ಣ ಗಾಢ ಆಗುತ್ತೆ. ಬೇಗ ಮೆತ್ತಗಾಗ್ಲಿ ಅಂತ ಎಣ್ಣೆ ಸ್ನಾನ ಮಾಡಿಸ್ಬೇಡಿ, ಚರ್ಮ ಜೋಲು ಬೀಳುತ್ತೆ, ಹೊಲಿಗೆ ದಾರ ಕೊಳೆಯುತ್ತೆ, ನಿಮ್ಮ ಪ್ಯಾಂಟಿನ ಹಿಂದೆ ಕಂದು ಬಣ್ಣದ ನಕ್ಷೆ ಮೂಡುತ್ತೆ, ನೋಡಿದವರು ಬೇರೇನೋ ಅಂದ್ಕೋತಾರೆ. ಅಡುಗೆ ಎಣ್ಣೆ ಬೇಡವೇ ಬೇಡ, ಸಿಂಥೆಟಿಕ್ ಸ್ಯಾಡಲ್ಲಿಗೆ ಎಣ್ಣೆಯ ಕೆಲಸನೇ ಇಲ್ಲ. ಆದ್ರೆ ಒಂದು ಮಾತು, ಎಣ್ಣೆಯಿಂದ ಮೇಲಿನ ಚರ್ಮ ಮಾತ್ರ ಪಳಗೋದು, ಅದರ ಕೆಳಗಿನ ಫೋಮು ಸತ್ತೋಗಿದ್ರೆ ಅದಕ್ಕೆ ಜೀವ ಬರಲ್ಲ.

ಈಗ ಕವರ್ ವಿಷಯಕ್ಕೆ. ಗಟ್ಟಿ ಜೀನಿನ ಮೇಲೆ ಉಣ್ಣೆ ತೊಗಲು ಹಾಕೋದು ನಿನ್ನೆ ಮೊನ್ನೆಯ ಐಡಿಯಾ ಅಲ್ಲ, ದಕ್ಷಿಣ ಅಮೆರಿಕದ ಹುಲ್ಲುಗಾವಲಿನ ಗೌಚೋಗಳು, ಅಂದ್ರೆ ಕುದುರೆ ಏರಿ ದನ ಕಾಯೋರು, ಜೀನಿನ ಮೇಲೆ ಕುರಿ ತೊಗಲು ಹಾಸಿ ಅದರ ಮೇಲಿಂದ ಇನ್ನೊಂದು ಪಟ್ಟಿ ಬಿಗಿದು ದಿನವಿಡೀ ಸವಾರಿ ಮಾಡ್ತಿದ್ರು. ಆ ಮೇಲಿನ ಪಟ್ಟಿ ನೋಡಿ, ಗುಟ್ಟು ಅಲ್ಲೇ ಇರೋದು, ಜಾರಬಾರದು. ಇನ್ನೊಂದು ಕಡೆ ಅಮೆರಿಕದ ಸೈನ್ಯ 1859ರಲ್ಲಿ ತಗೊಂಡ ಮೆಕ್ಲೆಲನ್ ಸ್ಯಾಡಲ್ ಬರೀ ಮರದ ಚೌಕಟ್ಟಿಗೆ ಹಸಿ ತೊಗಲು ಬಿಗಿದಿದ್ದು, ಮೆತ್ತೆ ಅನ್ನೋದೇ ಇಲ್ಲ, ನಡುವೆ ಉದ್ದಕ್ಕೆ ಒಂದು ಸಂದು ತೆರೆದಿರ್ತಿತ್ತು. ಅದರ ಮೇಲೂ ಜನ ದಶಕಗಟ್ಲೆ ಸವಾರಿ ಮಾಡಿದ್ರು ಅಂದ್ರೆ ಮೆತ್ತೆನೇ ಎಲ್ಲಾ ಅಲ್ಲ ಅಂತಾಯ್ತು.

ನನ್ನ ಓಟು ನಿಜವಾದ ಕುರಿ ತೊಗಲಿಗೆ. ಉಣ್ಣೆ ದಟ್ಟವಾಗಿರೋದ್ರಿಂದ ಒತ್ತಿದ್ರೂ ಪೂರ್ತಿ ಕುಸಿಯಲ್ಲ, ಬೆವರು ಹೀರುತ್ತೆ, ಸೆಕೆಗೂ ಚಳಿಗೂ ಆಗುತ್ತೆ, ಮುಖ್ಯವಾಗಿ ಬಟ್ಟೆ ಚರ್ಮಕ್ಕೆ ಉಜ್ಜೋದು ಕಮ್ಮಿಯಾಗುತ್ತೆ. ನೈಲಾನ್ ಉಣ್ಣೆ ಅಗ್ಗ, ಆದ್ರೆ ಬೇಗ ಚಪ್ಪಟೆಯಾಗಿ ಉಂಡೆ ಉಂಡೆ ಆಗುತ್ತೆ. ಜೆಲ್ಲು ಕೂರೋ ಮೂಳೆ ನೋವಿಗೆ ಕೆಲಸ ಮಾಡುತ್ತೆ, ತೆಳ್ಳಗಿದ್ರೆ ಮಾತ್ರ, ಆದ್ರೆ ಭಾರ, ಬಿಸಿಲಲ್ಲಿ ಬಿಟ್ಟು ಬಂದು ಕೂತ್ರೆ ಕಾದ ಹೆಂಚು. ಮೆತ್ತನೆ ಫೋಮು ಅಂಗಡೀಲಿ ಕೈಯಲ್ಲಿ ಒತ್ತಿದಾಗ ಸ್ವರ್ಗ, ಹತ್ತು ನಿಮಿಷ ಕೂತ್ರೆ ನಿಮ್ಮ ಭಾರಕ್ಕೆ ತಳ ಸೇರಿ ಮತ್ತೆ ಅದೇ ಕಲ್ಲು. ಅದಕ್ಕೇ ಕೈಯಲ್ಲಿ ಹಿಸುಕಿ ನೋಡ್ಬೇಡಿ, ನೆಲದ ಮೇಲೆ ಇಟ್ಟು ಮಂಡಿ ಊರಿ ಪೂರ್ತಿ ಭಾರ ಹಾಕಿ, ನೆಲ ತಗುಲಿದಂಗಾದ್ರೆ ವಾಪಸ್ ಇಡಿ. ದಪ್ಪ ಜಾಸ್ತಿ ಇದ್ದಷ್ಟೂ ನೀವು ಕುದುರೆಯಿಂದ ದೂರ ಹೋಗ್ತೀರ, ಬ್ಯಾಲೆನ್ಸ್ ಹೋಗುತ್ತೆ, ಕಾಲು ಅಗಲ ಆಗುತ್ತೆ. ಒತ್ತಿದ್ಮೇಲೆ ಒಂದು ಸೆಂಟಿಮೀಟರ್ ಆಸುಪಾಸು ಉಳಿದ್ರೆ ಸಾಕು ಅಂತ ನನ್ನ ಲೆಕ್ಕ.

ತೊಗಲು ಸಿಕ್ಕಿದ್ರೆ ಮನೇಲೇ ಹೊಲೀಬಹುದು, ನಾನು ಹಂಗೇ ಮಾಡಿದ್ದು. ಪೇಪರ್ ಶೀಟನ್ನ ಸೀಟಿನ ಮೇಲೆ ಹಾಸಿ ಅಂಚಿನುದ್ದಕ್ಕೂ ಬೆರಳಲ್ಲಿ ಒತ್ತಿ ಗುರುತು ಮಾಡಿ ಕತ್ತರಿಸಿ, ಅರ್ಧಕ್ಕೆ ಮಡಚಿ ಎಡ ಬಲ ಒಂದೇ ಇದೆಯಾ ನೋಡಿ, ಸೀಟಿನ ಸೊಂಟದ ಹತ್ರ ಎರಡೂ ಕಡೆ ಸ್ವಲ್ಪ ಒಳಗೆ ತಗೊಳ್ಳಿ, ಅಲ್ಲಿ ದಪ್ಪ ಬೇಕಿಲ್ಲ. ತೊಗಲನ್ನ ಉಣ್ಣೆ ಕೆಳಗೆ ಮಾಡಿ ಮಗುಚಿ ಹಾಕಿ ಹಿಂಬದಿಯಿಂದ ಗುರುತು ಮಾಡಿ. ಕತ್ತರಿ ಹಾಕಿದ್ರೋ ಉಣ್ಣೆನೂ ಕತ್ತರಿಸಿಹೋಗಿ ಅಂಚು ಬೋಳಾಗುತ್ತೆ, ಬ್ಲೇಡಲ್ಲಿ ಬರೀ ಚರ್ಮ ಸೀಳೋ ಥರ ಮೆಲ್ಲಗೆ ಎಳೀರಿ, ಆಮೇಲೆ ಎರಡೂ ಕಡೆ ಹಿಡಿದು ಬಿಡಿಸಿದ್ರೆ ಉಣ್ಣೆ ತಾನಾಗೇ ಬಾಚಿದ ಕೂದಲಿನಂಗೆ ಬೇರೆ ಆಗುತ್ತೆ, ಆ ಕ್ಷಣ ಮಜಾ ಇರುತ್ತೆ. ಅಂಚಿಗೆ ಹತ್ತಿ ಟೇಪು ಮಡಚಿಟ್ಟು ಚರ್ಮ ಹೊಲಿಯೋ ಮೂರಂಚಿನ ಸೂಜಿ, ಮೇಣ ಹಚ್ಚಿದ ದಾರ. ಮಾಮೂಲಿ ಸೂಜೀಲಿ ಶುರು ಮಾಡಿ ನಾನು ಎರಡು ಸೂಜಿ ಮುರಿದು ಹೆಬ್ಬೆರಳಿಗೆ ಚುಚ್ಚಿಕೊಂಡೆ. ಹಿಂದೆ ಕ್ಯಾಂಟಲ್ಲಿಗೆ ಟೊಪ್ಪಿ ಥರ ಸಿಕ್ಕಿಸೋ ಜೇಬು, ಮುಂದೆ ಪಾಮೆಲ್ಲಿಗೆ ಅಗಲವಾದ ಎಲಾಸ್ಟಿಕ್, ಎರಡೂ ಪಕ್ಕ ಸ್ಯಾಡಲ್ಲಿನ ರಿಂಗಿಗೆ ಕಟ್ಟೋಕೆ ಒಂದೊಂದು ಪಟ್ಟಿ. ಇಲ್ಲಿ ಒಂದೇ ಒಂದು ಕಟ್ಟುನಿಟ್ಟು: ರಿಕಾಪಿನ ಪಟ್ಟಿ ಸಿಕ್ಕಿಸೋ ಕಂಬಿಗೆ ಏನೂ ಅಡ್ಡ ಬರಬಾರದು, ಬಿದ್ದಾಗ ಕಾಲು ಸಿಕ್ಕಿಹಾಕ್ಕೊಂಡ್ರೆ ಆ ಪಟ್ಟಿ ಕಳಚಿಕೊಳ್ಳೋದೇ ಪ್ರಾಣ ಉಳಿಸೋದು.

ಕವರ್ ಹಾಕಿದ್ಮೇಲೆ ಮೊದಲನೇ ದಿನ ಬರೀ ವಾಕ್, ಆಮೇಲೆ ಟ್ರಾಟ್. ಎತ್ತರ ಬದಲಾಗಿರುತ್ತೆ, ರಿಕಾಪು ಮತ್ತೊಮ್ಮೆ ಅಳೀರಿ. ಹೊಟ್ಟೆಪಟ್ಟಿ ಐದ್ಹತ್ತು ನಿಮಿಷ ಆದ್ಮೇಲೆ ಮತ್ತೆ ಬಿಗೀರಿ, ಇದು ಕವರ್ ಇಲ್ದಿದ್ರೂ ಮಾಡ್ಬೇಕಾದ್ದೇ.

ಸವಾರನಿಗೆ ಮೆತ್ತಗಾಗ್ಲಿ ಅಂತ ಜೀನಿನ ಕೆಳಗೆ, ಕುದುರೆ ಬೆನ್ನಿನ ಮೇಲೆ, ಎರಡು ಮೂರು ಪ್ಯಾಡು ಹಾಕೋರಿದಾರೆ. ದಯವಿಟ್ಟು ಬೇಡ. ನಿಮಗೆ ಅದರಿಂದ ಸಿಗೋದು ಅಷ್ಟಕ್ಕಷ್ಟೇ, ಕುದುರೆಗೆ ಮಾತ್ರ ಜೀನು ಬಿಗಿಯಾಗಿ ಭುಜದ ಹತ್ರ ಹಿಂಡುತ್ತೆ, ಜೊತೆಗೆ ಜೀನು ಪಕ್ಕಕ್ಕೆ ಉರುಳೋ ಅಪಾಯ. ಇಳಿದ್ಮೇಲೆ ಬೆನ್ನು ನೋಡೋ ಅಭ್ಯಾಸ ಇಟ್ಕೊಳ್ಳಿ, ಸುತ್ತ ಎಲ್ಲಾ ಬೆವೆತು ನಡುವೆ ಒಂದು ಕಡೆ ಮಾತ್ರ ಒಣಗಿದ್ರೆ ಅಲ್ಲಿ ಒತ್ತಡ ಜಾಸ್ತಿ ಬೀಳ್ತಿರಬಹುದು.

ಬಟ್ಟೆ ಬಗ್ಗೆನೂ ಹೇಳಿಬಿಡ್ತೀನಿ. ಜೀನ್ಸಿನ ಒಳತೊಡೆ ಹೊಲಿಗೆ ಇದೆಯಲ್ಲ, ನಾಲ್ಕು ಪದರ ಸೇರೋ ಜಾಗ, ಅದು ಎರಡು ಗಂಟೇಲಿ ಗರಗಸದ ಕೆಲಸ ಮಾಡುತ್ತೆ. ಒಳಗಡೆ ಹೊಲಿಗೆ ಇಲ್ಲದ ಬ್ರೀಚಸ್ (ಸವಾರಿ ಪ್ಯಾಂಟು) ತಗೊಳ್ಳಿ, ಒಳಉಡುಪಿನ ಎಲಾಸ್ಟಿಕ್ ಸರಿಯಾಗಿ ಕೂರೋ ಮೂಳೆ ಮೇಲೆ ಬರದಂಗೆ ನೋಡಿ. ತೊಡೆ ಉಜ್ಜೋರು ಹತ್ತೋಕೆ ಮುಂಚೆನೇ ವ್ಯಾಸಲಿನ್ ಸವರಿ, ಚರ್ಮ ಕಿತ್ತ ಮೇಲೆ ಅಲ್ಲ. ಹಿಂದಿನ ಜೇಬಲ್ಲಿ ಪರ್ಸು ಇಟ್ಕೊಂಡು ಒಂದೇ ಕಡೆ ನೋವು ಅಂತ ತಿಂಗಳುಗಟ್ಲೆ ಒದ್ದಾಡಿದ ಒಬ್ಬ ಗೆಳೆಯ ನನಗಿದಾನೆ, ಹೆಸರು ಹೇಳಿದ್ರೆ ಹೊಡೀತಾನೆ.

ಕೂರೋ ರೀತಿ ಒಂದು ಲೇಖನದಲ್ಲಿ ಮುಗಿಯೋದಲ್ಲ, ಆದ್ರೆ ಎರಡು ವಿಷಯ. ಟ್ರಾಟ್‌ನಲ್ಲಿ ಎದ್ದು ಕೂರೋದನ್ನ ಕಲೀರಿ, ದೊಪ್ ಅಂತ ಕೂರ್ಬೇಡಿ, ಮಂಗೋಲಿಯಾದವರು ಮರದ ಜೀನಿನ ಮೇಲೆ ಟ್ರಾಟ್ ಬಂದ್ರೆ ರಿಕಾಪಿನ ಮೇಲೆ ನಿಂತೇ ಬಿಡ್ತಾರೆ, ಕೂತ್ರೆ ತಾನೆ ನೋವು. ಎರಡನೇದು, ದೂರದ ಸವಾರಿಲಿ ಗಂಟೆಗೊಮ್ಮೆ ಇಳಿದು ಐದು ನಿಮಿಷ ಕುದುರೆ ಜೊತೆ ನಡೀರಿ, ರಕ್ತ ಓಡಾಡುತ್ತೆ, ಕುದುರೆ ಬೆನ್ನಿಗೂ ಬಿಡುವು. ಕವಟೆ ಹತ್ರ ಜೋಮು ಹಿಡಿದು ಇಳಿದ ಮೇಲೂ ಹೋಗದೆ ಇದ್ರೆ, ಅಥವಾ ಮೂತ್ರದಲ್ಲಿ ರಕ್ತ ಕಂಡ್ರೆ ಯಾವ ಕವರ್ರೂ ಬೇಡ, ಡಾಕ್ಟ್ರ ಹತ್ರ ಹೋಗಿ.

ಇಷ್ಟಕ್ಕೂ ಬಗ್ಗದ ಸೀಟಾದ್ರೆ ರಿಪೇರಿಯೋರ ಹತ್ರ ಸೀಟಿನ ಚರ್ಮ ಎಬ್ಬಿಸಿ ಒಳಗಿನ ಫೋಮ್ ಬದಲಾಯಿಸ್ಬಹುದು. ಒಳಗೆ ಪಾಮೆಲ್ಲಿಂದ ಕ್ಯಾಂಟಲ್ಲಿಗೆ ಬಿಗಿಯಾಗಿ ಎಳೆದಿರೋ ಪಟ್ಟಿ, ಅದರ ಮೇಲೆ ಕ್ಯಾನ್ವಾಸ್, ಅದರ ಮೇಲೆ ಉಣ್ಣೆ ಅಥವಾ ಫೋಮು, ಆಮೇಲೆ ಚರ್ಮ. ಪಟ್ಟಿ ಸಡಿಲ ಆಗಿದ್ರೆ ಕೂತಾಗ ಚೌಕಟ್ಟೇ ತಗುಲುತ್ತೆ, ಅದಕ್ಕೇ ಬರೀ ಫೋಮ್ ಹಾಕಿ ಅನ್ಬೇಡಿ, ಪಟ್ಟಿನೂ ನೋಡಿ ಅನ್ನಿ. ಕೆಲಸ ದೊಡ್ಡದು, ಖರ್ಚೂ ಹಂಗೇ, ಸಾಧಾರಣ ಜೀನಿಗೆ ಇದರ ಬದಲು ಅಳತೆ ಸರಿ ಇರೋ ಬೇರೆ ಸೆಕೆಂಡ್ ಹ್ಯಾಂಡ್ ಸ್ಯಾಡಲ್ ನೋಡೋದೇ ವಾಸಿ ಅಂತೀನಿ.

ಉಣ್ಣೆ ಕವರ್ ಇರೋರಿಗೆ ಕೊನೇದಾಗಿ ತೊಳೆಯೋದು: ತಣ್ಣೀರು, ಉಣ್ಣೆ ಬಟ್ಟೆಗೆ ಹಾಕೋ ಸೋಪು, ಹಿಂಡ್ಬೇಡಿ, ಟವೆಲಲ್ಲಿ ಸುತ್ತಿ ಒತ್ತಿ ನೀರು ತೆಗೀರಿ, ನೆರಳಲ್ಲಿ ಚಪ್ಪಟೆ ಹಾಸಿ ಒಣಗಿಸ್ತಾ ನಡುನಡುವೆ ಚರ್ಮನ ಕೈಯಲ್ಲಿ ಎಳೆದು ಬಿಡಿ, ಇಲ್ಲಾಂದ್ರೆ ಹಪ್ಪಳ ಆಗುತ್ತೆ. ಪೂರ್ತಿ ಒಣಗಿದ್ಮೇಲೆ ನಾಯಿ ಬಾಚೋ ತಂತಿ ಬ್ರಷ್ಷಲ್ಲಿ ಒಂದ್ಸಲ ಬಾಚಿದ್ರೆ ಮತ್ತೆ ಹೊಸದರ ಥರ ಎದ್ದು ಕೂರುತ್ತೆ.